ಕುಸುಮರೋಗವಲ್ಲದ ಕುಸುಮರೋಗ: ಡಾ. ವಾನ್ ವಿಲ್ಲೆಬ್ರಾಂಡ್ ಜೀವನಗಾಥೆ

ಅನುವಂಶಿಕ ರಕ್ತಸ್ರಾವ ರೋಗಗಳಲ್ಲಿ ಅತಿ ಸಾಮಾನ್ಯವಾದ ಒಂದಕ್ಕೆ ಫಿನ್‌ಲೆಂಡಿನ ವೈದ್ಯ ಎರಿಕ್ ಅಡಾಲ್ಫ್ ವಾನ್ ವಿಲ್ಲೆಬ್ರಾಂಡ್ ಅವರ ಹೆಸರಿದೆ. ಈ ಕೀರ್ತಿಯ ಹಿಂದಿರುವುದು ಪುಟ್ಟ ಬಾಲಕಿಯೊಬ್ಬಳ ಸಂಕಟ.

1870ರ ಫೆಬ್ರವರಿ 1ರಂದು ವಾಸಾ ನಗರದಲ್ಲಿ ಜನಿಸಿದ ಅವರು ಹೆಲ್ಸಿಂಕಿಯಲ್ಲಿ ವೈದ್ಯಶಿಕ್ಷಣ ಪಡೆದರು. ರಕ್ತನಷ್ಟದ ಬಳಿಕ ರಕ್ತದಲ್ಲಾಗುವ ಬದಲಾವಣೆಗಳನ್ನು ಕುರಿತು 1899ರಲ್ಲಿ ಡಾಕ್ಟರೇಟ್ ಪ್ರಬಂಧ ಮಂಡಿಸಿದರು. ಮುಂದೆ ಅದೇ ನಗರದ ಡಯಾಕೊನೆಸ್ ಸಂಸ್ಥೆಯ ಆಸ್ಪತ್ರೆಯಲ್ಲಿ ಸೇವೆ ಸಲ್ಲಿಸಿದರು.

1924ರಲ್ಲಿ ಓಲ್ಯಾಂಡ್ ದ್ವೀಪಸಮೂಹದ ಐದು ವರ್ಷದ ಬಾಲಕಿಯೊಬ್ಬಳು ಅವರ ಬಳಿ ಬಂದಳು. ಮೂರನೆಯ ವಯಸ್ಸಿನಲ್ಲಿ ತುಟಿಗಾದ ಗಾಯದಿಂದ ರಕ್ತ ಹರಿದು ಆಕೆ ಸಾವಿನಂಚಿಗೆ ತಲುಪಿದ್ದಳು. ಆಕೆಯ ಸಹೋದರಿಯರಲ್ಲಿ ಕೆಲವರು ರಕ್ತಸ್ರಾವದಿಂದಲೇ ಅಸುನೀಗಿದ್ದರು. ಕುಸುಮರೋಗ ಬಹುತೇಕ ಗಂಡುಮಕ್ಕಳನ್ನೇ ಬಾಧಿಸುವ ಕಾಯಿಲೆ. ಹಾಗಾದರೆ ಈ ಹೆಣ್ಣುಮಕ್ಕಳಿಗೆ ಬಂದಿರುವುದೇನು?

ಅವರು ಕುಟುಂಬದ 66 ಮಂದಿಯ ವಿವರ ಕಲೆಹಾಕಿದರು. 23 ಮಂದಿಯಲ್ಲಿ ರೋಗಲಕ್ಷಣ ಕಂಡುಬಂತು. ಅವರಲ್ಲಿ 16 ಮಂದಿ ಸ್ತ್ರೀಯರು. ಪ್ಲೇಟ್‌ಲೆಟ್ ಸಂಖ್ಯೆ ಸರಿಯಿತ್ತು, ರಕ್ತ ಹೆಪ್ಪುಗಟ್ಟಲು ತೆಗೆದುಕೊಳ್ಳುವ ಅವಧಿಯೂ ಸರಿಯಿತ್ತು. ಆದರೆ ಚರ್ಮಕ್ಕೆ ಸಣ್ಣ ಗಾಯ ಮಾಡಿ ನೋಡಿದಾಗ ರಕ್ತ ನಿಲ್ಲಲು ಬಹಳ ಸಮಯ ಹಿಡಿಯುತ್ತಿತ್ತು. ಇದು ಬೇರೆಯದೇ ರೋಗವೆಂದು 1926ರಲ್ಲಿ ಸ್ವೀಡಿಷ್ ಭಾಷೆಯ ಲೇಖನದಲ್ಲಿ ಅವರು ನಿರೂಪಿಸಿದರು.

ಆದರೆ ಆ ಬಾಲಕಿ ಉಳಿಯಲಿಲ್ಲ. 13ನೆಯ ವಯಸ್ಸಿನಲ್ಲಿ, ನಾಲ್ಕನೆಯ ಋತುಸ್ರಾವದ ವೇಳೆ ಅತಿ ರಕ್ತಸ್ರಾವದಿಂದ ಆಕೆ ಕೊನೆಯುಸಿರೆಳೆದಳು. ಪ್ಲೇಟ್‌ಲೆಟ್‌ಗಳ ಕಾರ್ಯ ಹಾಗೂ ರಕ್ತನಾಳದ ದೋಷವೇ ಕಾರಣವೆಂದು ವಾನ್ ವಿಲ್ಲೆಬ್ರಾಂಡ್ ಭಾವಿಸಿದ್ದರು. ಕೊರತೆಯಿರುವುದು ರಕ್ತದ ದ್ರವಭಾಗದಲ್ಲಿ ಎಂಬುದು ಸ್ಪಷ್ಟವಾದದ್ದು 1950ರ ದಶಕದಲ್ಲಿ. ಅದನ್ನು ಕಾಣಲು ಅವರಿರಲಿಲ್ಲ. 1949ರ ಸೆಪ್ಟೆಂಬರ್ 12ರಂದು ಅವರು ನಿಧನರಾಗಿದ್ದರು.

ಪ್ಲೇಟ್‌ಲೆಟ್‌ಗಳನ್ನು ಗಾಯದ ಜಾಗಕ್ಕೆ ಅಂಟಿಸುವ ಆ ಪ್ರೋಟೀನಿಗೂ ಈಗ ಅವರದೇ ಹೆಸರು. 1977ರಲ್ಲಿ ಡೆಸ್ಮೋಪ್ರೆಸಿನ್ ಔಷಧದ ಉಪಯೋಗ ವರದಿಯಾಯಿತು. ಅದು ಸಾಲದ ರೋಗಿಗಳಿಗೆ ಆ ಪ್ರೋಟೀನನ್ನೇ ನೀಡಲಾಗುತ್ತದೆ. ತೀವ್ರ ನಿಗಾ ಘಟಕದಲ್ಲಿ ಹೃದಯ, ಶ್ವಾಸಕೋಶಗಳ ಕೆಲಸವನ್ನು ಯಂತ್ರಕ್ಕೆ ವಹಿಸಿದಾಗಲೂ ಈ ಪ್ರೋಟೀನ್ ತುಂಡಾಗಿ, ಹುಟ್ಟಿನಿಂದ ರೋಗವಿಲ್ಲದ ಮಕ್ಕಳಲ್ಲೂ ರಕ್ತಸ್ರಾವ ತಲೆದೋರಬಹುದು.

ಸಾಮಾನ್ಯ ಹೆಪ್ಪುಗಟ್ಟುವಿಕೆ ಪರೀಕ್ಷೆ ಸರಿಯಿದ್ದರೂ ಈ ರೋಗ ಅಡಗಿರಬಹುದು. ಆದ್ದರಿಂದ ಪದೇ ಪದೇ ಮೂಗಿನಿಂದ ರಕ್ತ ಸುರಿಯುವ, ಹಲ್ಲು ಕಿತ್ತ ಬಳಿಕ ರಕ್ತ ನಿಲ್ಲದ ಮಗುವನ್ನು ಕಂಡಾಗ ಮನೆತನದ ಇತಿಹಾಸ ವಿಚಾರಿಸುವುದು ಇಂದಿಗೂ ರೋಗನಿರ್ಣಯದ ಮೊದಲ ಹೆಜ್ಜೆ. ವಾನ್ ವಿಲ್ಲೆಬ್ರಾಂಡ್ ಮಾಡಿದ್ದೂ ಅದನ್ನೇ.