ಹೊಣೆಗೆ ಸಹಿ ಹಾಕಿದ ಧವನ್

ಬಾಹ್ಯಾಕಾಶದಿಂದ ಭೂಮಿಯನ್ನು ಸೆರೆಹಿಡಿದ ಆರಂಭಿಕ ಛಾಯಾಚಿತ್ರಗಳ ಪುಸ್ತಕಗಳಿಗೆ, ಅದರಲ್ಲೂ ಗಗನಯಾತ್ರಿಗಳ ಹಸ್ತಾಕ್ಷರವಿರುವ ಪ್ರತಿಗಳಿಗೆ ಸಂಗ್ರಾಹಕರಲ್ಲಿ ಬಲು ಬೇಡಿಕೆ. ಜೆಮಿನಿ ನೌಕೆಗಳಿಂದ ತೆಗೆದ ಚಿತ್ರಗಳನ್ನು ನಾಸಾ 1967ರಲ್ಲಿ ಪುಸ್ತಕವಾಗಿ ಹೊರತಂದಿತು. ಮರುವರ್ಷ ಡಿಸೆಂಬರ್ 24ರಂದು ಅಪೊಲೊ-8ರ ವಿಲಿಯಂ ಆಂಡರ್ಸ್, ಚಂದ್ರನ ಅಂಚಿನಲ್ಲಿ ಉದಯಿಸುತ್ತಿದ್ದ ಭೂಮಿಯ ಚಿತ್ರ ತೆಗೆದರು. ನಿವೃತ್ತಿಯ ನಂತರ ಇಂಥ ಪುಸ್ತಕಗಳ ಬೆನ್ನುಹತ್ತಿದ ನನ್ನನ್ನು ಒಂದು ಪ್ರಶ್ನೆ ಕಾಡಿತು: ಭಾರತದ ಉಪಗ್ರಹ ಕಳುಹಿಸಿದ ಮೊದಲ ಭೂಚಿತ್ರಗಳಿಗೆ ಯಾರ ಸಹಿ ಅರಸಬೇಕು?

1979ರ ಜೂನ್ 7ರಂದು ಸೋವಿಯತ್ ನೆಲದಿಂದ ಮೇಲೇರಿದ ಭಾಸ್ಕರ ಉಪಗ್ರಹದಲ್ಲಿ ಟಿ.ವಿ. ಕ್ಯಾಮೆರಾಗಳಿದ್ದವು, ಗಗನಯಾತ್ರಿಗಳಿರಲಿಲ್ಲ. ಅದರ ಹಿಂದಿದ್ದುದು ಯು.ಆರ್. ರಾವ್ ಅವರ ತಂಡ. 1975ರ ಆರ್ಯಭಟವನ್ನು ಪೀಣ್ಯದ ಕೈಗಾರಿಕಾ ಶೆಡ್‌ಗಳಲ್ಲಿ ಕಟ್ಟಿದ್ದೂ ಇದೇ ತಂಡ. ಇಡೀ ಕಾರ್ಯಕ್ರಮದ ನೇತೃತ್ವ ಪ್ರೊ. ಸತೀಶ್ ಧವನ್ ಅವರದು.

ಧವನ್ ಜನಿಸಿದ್ದು 1920ರ ಸೆಪ್ಟೆಂಬರ್ 25ರಂದು, ಶ್ರೀನಗರದಲ್ಲಿ. ಲಾಹೋರಿನಲ್ಲಿ ಗಣಿತ, ಭೌತವಿಜ್ಞಾನ, ಇಂಗ್ಲಿಷ್ ಸಾಹಿತ್ಯ, ಮೆಕ್ಯಾನಿಕಲ್ ಎಂಜಿನಿಯರಿಂಗ್ ಎಲ್ಲವನ್ನೂ ಓದಿದರು. ಕ್ಯಾಲ್‌ಟೆಕ್‌ನಲ್ಲಿ ಡಾಕ್ಟರೇಟ್ ಪಡೆದು 1951ರಲ್ಲಿ, ಯಶವಂತಪುರದ ಪಕ್ಕದ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ಮುಂದೆ ಅದರ ನಿರ್ದೇಶಕರಾಗಿ 1981ರವರೆಗೆ ಮುನ್ನಡೆಸಿದರು.

ವಿಕ್ರಂ ಸಾರಾಭಾಯಿ 1971ರ ಡಿಸೆಂಬರ್‌ನಲ್ಲಿ ಅಕಾಲಿಕವಾಗಿ ತೀರಿಕೊಂಡಾಗ, ಇಸ್ರೊ ಹೊಣೆ ಹೊರುವಂತೆ ಇಂದಿರಾ ಗಾಂಧಿ ಅವರನ್ನು ಕೇಳಿದರು. ಧವನ್ ಎರಡು ಷರತ್ತು ಒಡ್ಡಿದರು: ಕೇಂದ್ರ ಕಚೇರಿ ಬೆಂಗಳೂರಿನಲ್ಲಿರಬೇಕು, ವಿಜ್ಞಾನ ಸಂಸ್ಥೆಯ ನಿರ್ದೇಶಕ ಸ್ಥಾನದಲ್ಲಿ ತಾವು ಮುಂದುವರಿಯಬೇಕು. ಸರ್ಕಾರ ಒಪ್ಪಿತು. ನ್ಯೂ ಬಿ.ಇ.ಎಲ್. ರಸ್ತೆಯ ಅಂತರಿಕ್ಷ ಭವನದ ಮುಂದೆ ಹಾದುಹೋಗುವ ಎಷ್ಟು ಮಂದಿಗೆ ಈ ಹಿನ್ನೆಲೆ ಗೊತ್ತು? ದೆಹಲಿಯ ಸಚಿವಾಲಯಗಳಿಂದ ದೂರವಿದ್ದು, ಪ್ರಯೋಗಾಲಯಗಳ ನಡುವೆಯೇ ಇಲಾಖೆಯೊಂದು ಬೆಳೆಯಲು ಇದು ನೆರವಾಯಿತೆಂಬುದು ಆಡಳಿತದಲ್ಲಿ ದುಡಿದ ನನ್ನ ನಂಬಿಕೆ.

ಸಂಗ್ರಾಹಕನಿಗೆ ಸಹಿ ಎಂದರೆ ಕೀರ್ತಿ. ಸರ್ಕಾರಿ ಕಡತದಲ್ಲಿ ಸಹಿ ಎಂದರೆ ಹೊಣೆ. ಧವನ್ ಆರಿಸಿಕೊಂಡದ್ದು ಎರಡನೆಯದನ್ನು. 1979ರ ಆಗಸ್ಟ್ 10ರಂದು ಎಸ್.ಎಲ್.ವಿ.-3 ರಾಕೆಟ್ ಸಮುದ್ರದ ಪಾಲಾದಾಗ ಪತ್ರಕರ್ತರನ್ನು ತಾವೇ ಎದುರಿಸಿ ಸೋಲಿನ ಹೊಣೆ ಹೊತ್ತರು. 1980ರ ಜುಲೈ 18ರಂದು ಗೆಲುವು ದಕ್ಕಿದಾಗ, ಮಾತನಾಡಲು ಯೋಜನೆಯ ನಿರ್ದೇಶಕ ಅಬ್ದುಲ್ ಕಲಾಂ ಅವರನ್ನು ಮುಂದೆ ಬಿಟ್ಟರು. ಕಲಾಂ ಇದನ್ನು ಜೀವನವಿಡೀ ಸ್ಮರಿಸುತ್ತಿದ್ದರು. ಸೋತಾಗ ಕೈಕೆಳಗಿನವರತ್ತ ಬೆರಳು ತೋರುವ ಅಧಿಕಾರಿಯ ಬಳಿ ಯಾರೂ ಹೊಸದನ್ನು ಪ್ರಯತ್ನಿಸುವುದಿಲ್ಲ. ಆ ನಷ್ಟ ಯಾವ ಲೆಕ್ಕಪತ್ರದಲ್ಲೂ ಕಾಣಿಸದು.

1984ರಲ್ಲಿ ಇಸ್ರೊ ಅಧ್ಯಕ್ಷ ಸ್ಥಾನದಿಂದ ನಿವೃತ್ತರಾದ ಧವನ್, ಪಕ್ಷಿಗಳ ಹಾರಾಟ ಕುರಿತು ಪುಸ್ತಕ ಬರೆದರು. ನಮ್ಮ ಕಾಡು, ಕೆರೆ, ಬೆಳೆಗಳನ್ನು ಮೇಲಿಂದ ಅಳೆಯುವ ಐ.ಆರ್.ಎಸ್.-1ಎ 1988ರ ಮಾರ್ಚ್ 17ರಂದು ಕಕ್ಷೆ ಸೇರಿದಾಗ ಅವರು ಅಧಿಕಾರದಲ್ಲಿರಲಿಲ್ಲ. 2002ರ ಜನವರಿ 3ರಂದು ಬೆಂಗಳೂರಿನಲ್ಲಿ ನಿಧನರಾದರು. ಅದೇ ವರ್ಷ ಶ್ರೀಹರಿಕೋಟಾ ಕೇಂದ್ರಕ್ಕೆ ಅವರ ಹೆಸರಿಟ್ಟರು. ಭಾಸ್ಕರನ ಚಿತ್ರಗಳ ಮೇಲೆ ಯಾರ ಹಸ್ತಾಕ್ಷರವೂ ಇಲ್ಲ. ಅವುಗಳ ಬೆಲೆ ಅದರಿಂದ ಕುಗ್ಗಿಲ್ಲ.