28 ಪೌಂಡಿನ ಲೆಕ್ಕ

ಸಂಬಳ ಏರಿದ ಹಾಗೆ ಖರ್ಚೂ ಏರುತ್ತೆ. ಎಂಜಿನಿಯರಿಂಗ್ ಮುಗಿಸಿ ಕೆಲಸಕ್ಕೆ ಸೇರಿದ ನನ್ನ ವಾರಗೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇದನ್ನು ಹಟ ಹಿಡಿದು ಮುರಿದವರು ಜಾನ್ ವೆಸ್ಲಿ, 18ನೇ ಶತಮಾನದ ಇಂಗ್ಲೆಂಡಿನ ಪಾದ್ರಿ, ಮೆಥಡಿಸ್ಟ್ ಪಂಥದ ಮೂಲಪುರುಷ. ಮೈಸೂರಿನ ಹಳೆಯ ವೆಸ್ಲಿ ಪ್ರೆಸ್‌ನಿಂದಾಗಿ ಹೆಸರು ನಮಗೆ ಹೊಸದಲ್ಲ. ಬದುಕು ಮಾತ್ರ ಅಷ್ಟಾಗಿ ಗೊತ್ತಿಲ್ಲ.

ಹುಟ್ಟಿದ್ದು 1703ರಲ್ಲಿ, ಎಪ್‌ವರ್ತ್ ಎಂಬಲ್ಲಿ. ಅಪ್ಪನೂ ಪಾದ್ರಿ, ಸಾಲ ತೀರಿಸಲಾಗದೆ 1705ರಲ್ಲಿ ಜೈಲು ಸೇರಿದ್ದರು. ಮಗ 1726ರಲ್ಲಿ ಆಕ್ಸ್‌ಫರ್ಡ್‌ನ ಲಿಂಕನ್ ಕಾಲೇಜಿನ ಫೆಲೋ ಆದರು. ಆ ದಿನಗಳ ಒಂದು ಲೆಕ್ಕವನ್ನು ಅವರು ಮುಂದೆ, ಯಾರೋ ಯುವಕನದ್ದು ಎಂಬಂತೆ ಬರೆದರು. ಅದು ಅವರದೇ ಎಂಬುದು ಸಾಮಾನ್ಯ ನಂಬಿಕೆ. ವರ್ಷದ ಆದಾಯ 30 ಪೌಂಡ್. 28ರಲ್ಲಿ ಜೀವನ, 2 ದಾನ. ಮರುವರ್ಷ ಆದಾಯ 60, ದಾನ 32. ಆಮೇಲೆ 90 ಬಂದಾಗ 62, 120 ಬಂದಾಗ 92. ಜೀವನಕ್ಕೆ ಮಾತ್ರ ಅದೇ 28.

ಇದರ ಹಿಂದಿನ ನಂಬಿಕೆ ಸರಳ. ಲೂಕನ ಸುವಾರ್ತೆಯಲ್ಲಿ ಯಜಮಾನನಿಗೆ ಲೆಕ್ಕ ಒಪ್ಪಿಸಬೇಕಾದ ಒಬ್ಬ ಮನೆವಾರ್ತೆಯವನ ಕಥೆ ಬರುತ್ತೆ. ಮನುಷ್ಯನೂ ಅಷ್ಟೇ, ಕೈಯಲ್ಲಿರುವ ಹಣ ದೇವರದು, ತಾನು ಬರೀ ನೋಡಿಕೊಳ್ಳುವವನು ಎಂದು ವೆಸ್ಲಿ ತಿಳಿದಿದ್ದರು. ಗಳಿಸು, ಉಳಿಸು, ಕೊಡು ಎನ್ನುವುದು ಅವರ ಬೋಧನೆ. ಆದರೆ ಗಳಿಕೆಗೇ ಷರತ್ತಿತ್ತು: ಸ್ವಂತ ಆರೋಗ್ಯ ಕೆಡಬಾರದು, ನೆರೆಯವನಿಗೆ ಹಾನಿಯಾಗಬಾರದು. ಹಾಗಾಗಿ ಸಾರಾಯಿ ಮಾರಿ ದುಡ್ಡು ಮಾಡಿದವರನ್ನು ಅವರು ಬಿಡಲಿಲ್ಲ.

ದಾನದಿಂದ ವ್ಯವಸ್ಥೆ ಬದಲಾಗುತ್ತಾ ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ವೆಸ್ಲಿ ಚಿಲ್ಲರೆ ಹಂಚಿ ಸುಮ್ಮನಾಗಲಿಲ್ಲ. 1746ರಲ್ಲಿ ಲಂಡನ್‌ನಲ್ಲಿ ಬಡವರಿಗೆ ಸಣ್ಣ ಸಾಲದ ನಿಧಿ, ಉಚಿತ ಔಷಧಾಲಯ ತೆರೆದರು. 1773ರಲ್ಲಿ ಆಹಾರದ ಅಭಾವದ ಕಾರಣ ಹುಡುಕುತ್ತಾ, ಮದ್ಯದ ಭಟ್ಟಿಗೆ ಹೋಗುವ ಧಾನ್ಯ, ಸಿರಿವಂತರ ಭೋಗ, ತೆರಿಗೆಯ ಹೊರೆಯತ್ತ ಬೊಟ್ಟು ಮಾಡಿದರು. 1774ರಲ್ಲಿ ಗುಲಾಮಗಿರಿಯ ವಿರುದ್ಧ ಪುಸ್ತಿಕೆ ಬರೆದರು. ಹಾಗಂತ ಅವರು ಕ್ರಾಂತಿಕಾರಿಯಲ್ಲ. 1775ರಲ್ಲಿ ಅಮೆರಿಕದ ವಸಾಹತುಗಳು ದಂಗೆಯೆದ್ದಾಗ ರಾಜನ ಪರ ನಿಂತರು. ಅದನ್ನು ನಾನು ಒಪ್ಪಲಾರೆ.

ಪುಸ್ತಕಗಳಿಂದ ಅವರಿಗೆ ಒಳ್ಳೆಯ ದುಡ್ಡು ಬರುತ್ತಿತ್ತು. 1776ರಲ್ಲಿ ತೆರಿಗೆ ಅಧಿಕಾರಿಗಳು ಬೆಳ್ಳಿ ಸಾಮಾನಿನ ಲೆಕ್ಕ ಕೇಳಿದಾಗ ತೋರಿಸಿದ್ದು ಲಂಡನ್‌ನಲ್ಲಿ ಎರಡು, ಬ್ರಿಸ್ಟಲ್‌ನಲ್ಲಿ ಎರಡು ಟೀ ಚಮಚ, ಅಷ್ಟೇ. 1791ರಲ್ಲಿ, 87ನೇ ವಯಸ್ಸಿನಲ್ಲಿ ತೀರಿಕೊಂಡರು. ಶವ ಹೊರಲು ಆರು ಬಡವರನ್ನು ಕರೆಯಬೇಕು, ತಲಾ ಒಂದು ಪೌಂಡ್ ಕೊಡಬೇಕು ಎಂದು ಉಯಿಲಿನಲ್ಲಿ ಬರೆದಿಟ್ಟಿದ್ದರು.

ದೇವರನ್ನು ನಂಬದವರಿಗೂ ಈ ಲೆಕ್ಕ ಅನ್ವಯಿಸುತ್ತೆ ಅನ್ನೋದು ನನ್ನ ವಾದ. ಅಸಮಾನತೆ ಅಂದಾಗ ನಾವು ನಮಗಿಂತ ಮೇಲಿನವರ ಆಸ್ತಿ ಎಣಿಸುತ್ತೇವೆ. ಎಣಿಸಲೇಬೇಕು. ಆದರೆ ಎಷ್ಟು ಕೊಡಲಿ ಅನ್ನುವುದಕ್ಕಿಂತ ಮೊದಲು ನನಗೆ ಎಷ್ಟು ಸಾಕು ಅಂತ ಕೇಳಿಕೊಂಡವರು ವೆಸ್ಲಿ. ನಮ್ಮ 28 ಎಷ್ಟು ಅನ್ನುವುದನ್ನು ಮುಂದಿನ ಇನ್‌ಕ್ರಿಮೆಂಟ್ ಬರುವ ಮೊದಲೇ ಬರೆದಿಟ್ಟುಕೊಳ್ಳುವುದು ಒಳ್ಳೆಯದು.