ಐಸ್ ಸಾಹುಕಾರ ಫ್ರೆಡರಿಕ್ ಟ್ಯೂಡರ್

ಬೇಸಿಗೆಯಲ್ಲಿ ಹಾಲಿನ ವ್ಯಾನು ಒಂದು ಗಂಟೆ ತಡವಾದರೆ ಕ್ಯಾನುಗಳ ಗತಿ ಏನಾಗುತ್ತದೆಂದು ನಮ್ಮ ಸಂಘದ ಸದಸ್ಯ ಬಾಂಧವರಿಗೆ ಹೇಳಬೇಕಾಗಿಲ್ಲ. ರಸ್ತೆ ನೋಡುತ್ತಾ ನಿಂತು, ಕೊನೆಗೆ ಹುಳಿಯಾದ ಹಾಲನ್ನು ಚೆಲ್ಲಿ ಬರಿಗೈಲಿ ಮನೆಗೆ ಹೋದವರು ನಾವು. ಆದ್ದರಿಂದ, ಕರಗಿ ಹೋಗುವ ಸರಕನ್ನೇ ಹಡಗಿಗೆ ಹೇರಿ ಅರ್ಧ ಪ್ರಪಂಚ ದಾಟಿಸಿದ ಒಬ್ಬರ ಜೀವನ ನಮಗೆ ಹಿಡಿಸೀತೆಂದು ಇಲ್ಲಿ ಬರೆಯುತ್ತಿದ್ದೇವೆ.

ಫ್ರೆಡರಿಕ್ ಟ್ಯೂಡರ್ ಅಮೆರಿಕದ ಬಾಸ್ಟನ್ ನಗರದಲ್ಲಿ 1783ರಲ್ಲಿ ಹುಟ್ಟಿದರು. ತಂದೆ ವಕೀಲರು, ಅನುಕೂಲಸ್ಥರು. ಮಗನಿಗೆ ಮಾತ್ರ ಓದಿಗಿಂತ ವ್ಯಾಪಾರದ ಗೀಳು. ಚಳಿಗಾಲದಲ್ಲಿ ಅಲ್ಲಿಯ ಕೆರೆಗಳು ಕಲ್ಲಿನಂತೆ ಹೆಪ್ಪುಗಟ್ಟುತ್ತವೆ. ಆ ಗಡ್ಡೆಯನ್ನು ಕೊಯ್ದು ಬಿಸಿಲಿನ ದೇಶಗಳಲ್ಲಿ ಮಾರಬೇಕೆಂದು ಹಟ ಹಿಡಿದರು. ಊರೆಲ್ಲ ನಕ್ಕಿತು. ಹಡಗಿನವರು ಒಪ್ಪದೇ ಹೋದಾಗ ತಾವೇ ಒಂದು ಹಡಗು ಕೊಂಡು, 1806ರಲ್ಲಿ ವೆಸ್ಟ್ ಇಂಡೀಸಿನ ಮಾರ್ಟಿನಿಕ್ ದ್ವೀಪಕ್ಕೆ ಐಸ್ ಕಳಿಸಿದರು. ಐಸೇನೋ ಹೋಗಿ ಮುಟ್ಟಿತು. ಆದರೆ ಇಳಿಸಿ ಇಡೋದಕ್ಕೆ ಜಾಗ ಎಲ್ಲಿ? ಕಣ್ಣೆದುರೇ ನೀರಾಗಿ ಹರಿದು ಹೋಯಿತು. ಸಾವಿರಾರು ಡಾಲರ್ ನಷ್ಟ. ಮುಂದೆ ಸಾಲ ತೀರಿಸಲಾಗದೆ ಜೈಲಿಗೂ ಹೋಗಿ ಬಂದರು.

ಹೀಗೆ ಪೆಟ್ಟು ತಿಂದ ಮೇಲೆ ಮೊದಲು ಗೋದಾಮು, ಆಮೇಲೆ ಸರಕು ಎಂಬ ಲೆಕ್ಕಕ್ಕೆ ಬಂದರು. 1816ರಲ್ಲಿ ಕ್ಯೂಬಾದ ಹವಾನಾದಲ್ಲಿ ಐಸ್ ಹೌಸ್ ಕಟ್ಟಿಸಿದರು. ಸಾ ಮಿಲ್ಲುಗಳಲ್ಲಿ ಯಾರಿಗೂ ಬೇಡವಾಗಿ ಬಿದ್ದಿರುತ್ತಿದ್ದ ಮರದ ಪುಡಿಯನ್ನು ಗಡ್ಡೆಗಳ ಸುತ್ತ ತುಂಬಿದರೆ ಬಿಸಿ ಒಳಗೆ ಹೋಗೋದಿಲ್ಲ ಎಂಬುದು ಇವರಿಗೆ ದೊಡ್ಡ ಲಾಭವಾಯಿತು. 1820ರ ದಶಕದಲ್ಲಿ ಇವರ ಜೊತೆಗಾರ ನಥಾನಿಯಲ್ ವೈಯತ್ ಎಂಬಾತ ಕುದುರೆ ಎಳೆಯುವ ಐಸ್ ನೇಗಿಲು ಮಾಡಿದ. ನಾವು ಹೊಲ ಉಳುವ ಹಾಗೆ ಅವರು ಕೆರೆ ಉಳುತ್ತಿದ್ದರೆನ್ನಿ! ಗಡ್ಡೆಗಳು ಒಂದೇ ಅಳತೆಯಲ್ಲಿ ಬಂದವು. ಸಂದಿಲ್ಲದೆ ಒತ್ತಾಗಿ ಜೋಡಿಸಿದ್ದರಿಂದ ಕರಗೋದೂ ಕಡಿಮೆಯಾಯಿತು. ಎಲ್ಲವೂ ಕೈಹಿಡಿಯಿತು ಅಂತಲ್ಲ. ಕ್ಯೂಬಾದ ಹಣ್ಣನ್ನು ಐಸಿನಲ್ಲಿಟ್ಟು ನ್ಯೂಯಾರ್ಕಿಗೆ ತರಹೋಗಿ, ಹೆಚ್ಚುಪಾಲು ಕೊಳೆತು ಕೈಸುಟ್ಟುಕೊಂಡರು.

1833ರ ಮೇ ತಿಂಗಳಲ್ಲಿ ಟಸ್ಕನಿ ಎಂಬ ಹಡಗು 180 ಟನ್ ಐಸ್ ಹೊತ್ತು ಬಾಸ್ಟನ್ನಿನಿಂದ ಕಲ್ಕತ್ತೆಗೆ ಹೊರಟಿತು. ನಾಲ್ಕು ತಿಂಗಳ ಪಯಣ, ಭೂಮಧ್ಯರೇಖೆಯನ್ನು ಎರಡು ಸಲ ದಾಟಬೇಕು. ಸೆಪ್ಟೆಂಬರಿನಲ್ಲಿ ತಲುಪಿದಾಗ ಇನ್ನೂ 100 ಟನ್ನಿನಷ್ಟು ಉಳಿದಿತ್ತು. ಕಲ್ಕತ್ತೆಯವರು ಚಂದಾ ಎತ್ತಿ ಐಸ್ ಹೌಸ್ ಕಟ್ಟಿಸಿದರು. ಬಡವರ ಬಾಯಿಗೆ ಆ ತಂಪು ಬಿದ್ದದ್ದು ಕಮ್ಮಿಯೇ, ಅದು ಹೆಚ್ಚಾಗಿ ದೊರೆಗಳ ಮೇಜಿಗೆ ಹೋಯಿತು. ಕಾಫಿ ಸಟ್ಟಾ ವ್ಯಾಪಾರದಲ್ಲಿ ಟ್ಯೂಡರ್ ಎರಡು ಲಕ್ಷ ಡಾಲರಿಗೂ ಮೀರಿ ಕಳೆದುಕೊಂಡಿದ್ದರು. ಆ ಸಾಲದಿಂದ ಅವರನ್ನು ಎತ್ತಿದ್ದರಲ್ಲಿ ನಮ್ಮ ದೇಶದ ಐಸ್ ವ್ಯಾಪಾರದ ಪಾಲು ದೊಡ್ಡದು.

1864ರಲ್ಲಿ ಅವರು ತೀರಿಕೊಂಡರು. ಆಮೇಲೆ ಐಸ್ ಮಾಡುವ ಯಂತ್ರಗಳು ಬಂದು ಹಡಗಿನ ಐಸ್ ನಿಂತಿತು. ಮದ್ರಾಸಿನ ಕಡಲ ದಂಡೆಯಲ್ಲಿ ಅವರ ಐಸ್ ಹೌಸ್ ಕಟ್ಟಡ ಈಗಲೂ ಇದೆ. 1897ರಲ್ಲಿ ಸ್ವಾಮಿ ವಿವೇಕಾನಂದರು ಅಲ್ಲಿ ತಂಗಿದ್ದರಿಂದ ಅದಕ್ಕೀಗ ಅವರ ಹೆಸರು. ಆದರೂ ಆ ಬಡಾವಣೆಯನ್ನು ಜನ ಐಸ್ ಹೌಸ್ ಅಂತಲೇ ಕರೆಯುತ್ತಾರೆ.